ಗೋಡೆಯ ಬೂಷ್ಟು, ಮಂಡಿಯ ಧೂಳು: ಶಿಲೀಂಧ್ರದ ವಿಷವನ್ನು ನಿಜಕ್ಕೂ ಉಸಿರಾಡುತ್ತಿರುವವರು ಯಾರು?

ಸೆಪ್ಟೆಂಬರ್, ಅಕ್ಟೋಬರ್ ಮಳೆ ಬೆಂಗಳೂರನ್ನು ನೆನೆಸಿ ಹೋದ ಮೇಲೆ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಮಲಗುವ ಕೋಣೆಯ ಮೂಲೆಯಲ್ಲೋ ಬೀರುವಿನ ಹಿಂದೆಯೋ ಹರಡಿಕೊಂಡ ಕಪ್ಪು ಕಲೆ. ಯಾರೋ ಒಬ್ಬರು ‘ಇದು ಟಾಕ್ಸಿಕ್ ಬ್ಲ್ಯಾಕ್ ಮೋಲ್ಡ್, ಮಕ್ಕಳನ್ನು ಆ ರೂಮಿನಲ್ಲಿ ಮಲಗಿಸಬೇಡಿ, ಶ್ವಾಸಕೋಶದಿಂದ ರಕ್ತ ಬರುತ್ತೆ’ ಎಂದು ಬರೆಯುತ್ತಾರೆ. ಇನ್ನೊಬ್ಬರು ‘ಮಳೆಗಾಲದಲ್ಲಿ ಬೂಷ್ಟು ಬರದ ಮನೆ ಯಾವುದಿದೆ? ಒಂದು ಕೋಟ್ ಪೇಂಟ್ ಹೊಡೆಸಿ’ ಎನ್ನುತ್ತಾರೆ. ಮೂರನೆಯವರು ಗಾಳಿ ಪರೀಕ್ಷೆ ಮಾಡಿಕೊಡುವ ಕಂಪನಿಯ ನಂಬರ್ ಹಾಕುತ್ತಾರೆ.

ಮೊದಲನೆಯವರ ಭಯಕ್ಕೆ ಇರುವ ಆಧಾರ ತೀರಾ ತೆಳುವಾದದ್ದು. ಎರಡನೆಯವರ ನಿರಾಳಕ್ಕಂತೂ ಆಧಾರವೇ ಇಲ್ಲ. ತೇವ ಹಿಡಿದ ಮನೆ ಎದೆಯನ್ನು ಕೆಡಿಸುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾದ ವಿಷಯ, ಆದರೆ ಅದಕ್ಕೆ ‘ವಿಷ’ವೇ ಬೇಕಿಲ್ಲ. ಶಿಲೀಂಧ್ರದ ವಿಷವನ್ನು ಎಣಿಕೆಗೆ ಸಿಗುವಷ್ಟು ಪ್ರಮಾಣದಲ್ಲಿ ಉಸಿರಾಡುವ ಜನ ಬೇರೆಯೇ ಇದ್ದಾರೆ: ಮಾರುಕಟ್ಟೆಯ ಮಂಡಿಗಳಲ್ಲಿ ಮೂಟೆ ಇಳಿಸುವ ಹಮಾಲಿಗಳು. ಅವರ ಬಗ್ಗೆ ಈ ಗುಂಪುಗಳಲ್ಲಿ ಯಾರೂ ಮಾತಾಡುವುದಿಲ್ಲ.

ವಿಷ ಎಂದರೆ ಏನು ಎಂಬಲ್ಲಿಂದ ಶುರು ಮಾಡೋಣ. ಬೂಷ್ಟು ತನ್ನ ಜಾಗವನ್ನು ಬ್ಯಾಕ್ಟೀರಿಯಾಗಳಿಂದಲೂ ಬೇರೆ ಶಿಲೀಂಧ್ರಗಳಿಂದಲೂ ಕಾಪಾಡಿಕೊಳ್ಳಲು ಕೆಲವು ರಾಸಾಯನಿಕಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಹಾನಿ ಮಾಡುವಂಥವನ್ನು ಮೈಕೋಟಾಕ್ಸಿನ್ ಎನ್ನುತ್ತಾರೆ. ಕಡಲೆಕಾಯಿ, ಮುಸುಕಿನ ಜೋಳಗಳ ಮೇಲೆ ಬೆಳೆಯುವ ಆಸ್ಪರ್ಜಿಲ್ಲಸ್ ಫ್ಲೇವಸ್ ಅಫ್ಲಾಟಾಕ್ಸಿನ್ ತಯಾರಿಸುತ್ತದೆ. ಒದ್ದೆ ಕಾಗದ, ಜಿಪ್ಸಮ್ ಬೋರ್ಡು, ಹುಲ್ಲಿನ ಮೇಲೆ ಬೆಳೆಯುವ ಸ್ಟಾಕಿಬಾಟ್ರಿಸ್ ಚಾರ್ಟಾರಮ್ ಟ್ರೈಕೋಥೆಸೀನ್ ಎಂಬ ಗುಂಪಿನ ವಿಷಗಳನ್ನು ತಯಾರಿಸುತ್ತದೆ. ಅಂತರ್ಜಾಲದಲ್ಲಿ ‘ಟಾಕ್ಸಿಕ್ ಬ್ಲ್ಯಾಕ್ ಮೋಲ್ಡ್’ ಎಂದು ಕುಖ್ಯಾತವಾಗಿರುವುದು ಇದೇ. ಒಂದೇ ಜಾತಿಯ ಶಿಲೀಂಧ್ರ ಒಂದು ಗೋಡೆಯ ಮೇಲೆ ವಿಷ ಮಾಡಬಹುದು, ಪಕ್ಕದ ಗೋಡೆಯ ಮೇಲೆ ಮಾಡದಿರಬಹುದು. ತೇವ, ಶಾಖ, ಆಹಾರ ಎಲ್ಲದರ ಮೇಲೂ ಅದು ನಿಂತಿದೆ. ಬಣ್ಣ ನೋಡಿ ಏನನ್ನೂ ಹೇಳಲಾಗದು. ನಮ್ಮ ಬಾತ್‌ರೂಮಿನ ಕಪ್ಪು ಕಲೆ ಬಹುಪಾಲು ಕ್ಲಾಡೋಸ್ಪೋರಿಯಂ ಅಥವಾ ಆಸ್ಪರ್ಜಿಲ್ಲಸ್ ಆಗಿರುವ ಸಾಧ್ಯತೆಯೇ ಹೆಚ್ಚು.

ಈ ವಿಷಗಳು ಆವಿಯಾಗಿ ಹಾರುವಂಥವಲ್ಲ. ಅವು ಬೀಜಕಗಳಿಗೂ (ಶಿಲೀಂಧ್ರ ಹರಡಲು ಬಿಡುವ ಸೂಕ್ಷ್ಮ ಕಣಗಳು) ಶಿಲೀಂಧ್ರದ ಒಣಗಿದ ಚೂರುಗಳಿಗೂ ಅಂಟಿಕೊಂಡಿರುತ್ತವೆ. ಧೂಳಿನ ಜೊತೆ ಮೇಲೆದ್ದರೆ ಮಾತ್ರ ಮೂಗಿಗೆ ಬರುತ್ತವೆ. ಹಾಗಾಗಿ ಬೀರುವಿನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವ ಮುಗ್ಗಲು ವಾಸನೆ ವಿಷದ್ದಲ್ಲ. ಬೆಳೆಯುತ್ತಿರುವ ಬೂಷ್ಟು ಬಿಡುವ ಬೇರೆ ಅನಿಲಗಳದ್ದು. ಆದರೂ ಆ ವಾಸನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಣ್ಣಿಗೆ ಕಾಣದ ಕಡೆ ನೀರಿದೆ, ಅಲ್ಲಿ ಏನೋ ಬೆಳೆಯುತ್ತಿದೆ ಎಂಬುದಕ್ಕೆ ಮೂಗಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸ್ಟಾಕಿಬಾಟ್ರಿಸ್‌ನ ಕೆಟ್ಟ ಹೆಸರು ಮನೆಗಳಿಂದ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಉಕ್ರೇನಿನಲ್ಲಿ ಬೂಷ್ಟು ಹಿಡಿದ ಹುಲ್ಲು ತಿಂದ ಕುದುರೆಗಳು ಬಾಯಿ ಹುಣ್ಣಾಗಿ, ರಕ್ತಸ್ರಾವವಾಗಿ ಸತ್ತವು. ಆ ಹುಲ್ಲನ್ನು ಎತ್ತಿ ಹಾಕುತ್ತಿದ್ದ ಕೆಲಸಗಾರರಿಗೆ ಚರ್ಮದಲ್ಲಿ ಗಾಯ, ಮೂಗಿನಲ್ಲಿ ರಕ್ತ, ಎದೆಬಿಗಿತ ಕಾಣಿಸಿಕೊಂಡವು. ಅರವತ್ತು ವರ್ಷಗಳ ನಂತರ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, 1993–94ರ ಸುಮಾರಿಗೆ, ಕೆಲವು ಹಸುಳೆಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ಆ ಮನೆಗಳಲ್ಲಿ ನೀರು ನುಗ್ಗಿತ್ತು, ಸ್ಟಾಕಿಬಾಟ್ರಿಸ್ ಸಿಕ್ಕಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಮೊದಲು ಎರಡಕ್ಕೂ ಸಂಬಂಧವಿದೆ ಎಂಬರ್ಥದ ವರದಿ ಕೊಟ್ಟಿತು. ಭಯ ಊರೂರು ದಾಟಿದ್ದು ಆಗಲೇ. 2000ದಲ್ಲಿ ಅದೇ ಸಂಸ್ಥೆ ತನ್ನ ಕೆಲಸವನ್ನು ಮರುಪರಿಶೀಲಿಸಿ, ಮಾದರಿ ಸಂಗ್ರಹಿಸಿದ ರೀತಿಯಲ್ಲೂ ಲೆಕ್ಕದಲ್ಲೂ ದೋಷಗಳಿವೆ, ಸಂಬಂಧ ಸಾಬೀತಾಗಿಲ್ಲ ಎಂದು ಪ್ರಕಟಿಸಿತು. ಮೊದಲ ವರದಿ ಇಂದಿಗೂ ಫಾರ್ವರ್ಡ್ ಆಗುತ್ತಲೇ ಇದೆ. ಎರಡನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಹಾಗೆಂದು ಉಸಿರಾಡಿದ ಮೈಕೋಟಾಕ್ಸಿನ್ ನಿರಪಾಯ ಎಂದಲ್ಲ. ಸ್ಟಾಕಿಬಾಟ್ರಿಸ್‌ನ ಸಟ್ರಾಟಾಕ್ಸಿನ್ ಎಂಬ ವಿಷವನ್ನು ಇಲಿಗಳ ಮೂಗಿಗೆ ಹಾಕಿದಾಗ ವಾಸನೆ ಗ್ರಹಿಸುವ ನರಕೋಶಗಳು ಸತ್ತದ್ದನ್ನು ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ನೀರು ನುಗ್ಗಿ ಹಾಳಾದ ಕಟ್ಟಡಗಳ ಗಾಳಿಯಲ್ಲಿ ಟ್ರೈಕೋಥೆಸೀನ್ ಸಿಕ್ಕಿರುವುದೂ ನಿಜ. ಪ್ರಶ್ನೆ ಇರುವುದು ಪ್ರಮಾಣದ್ದು. ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಕೊಡುವ ಪ್ರಮಾಣ ಎಷ್ಟೋ, ಮನೆಯೊಂದರ ಗಾಳಿಯಲ್ಲಿ ದಿನವಿಡೀ ಉಸಿರಾಡಿದರೂ ದೇಹ ಸೇರುವ ಪ್ರಮಾಣ ಅದಕ್ಕಿಂತ ಬಹಳ ಬಹಳ ಕಡಿಮೆ. ‘ನೆನಪು ಮಂಕಾಗುವುದು, ಸುಸ್ತು, ಕೀಲುನೋವು ಎಲ್ಲವೂ ಗೋಡೆಯ ವಿಷದಿಂದ’ ಎಂದು ಹೇಳುವ ವೀಡಿಯೊಗಳು ಈ ಅಂತರವನ್ನು ಮರೆಮಾಚುತ್ತವೆ. ಸುಸ್ತಾಗಿರುವವರ ಸುಸ್ತು ಸುಳ್ಳಲ್ಲ. ಕಾರಣವನ್ನು ಗೋಡೆಗೆ ಹಚ್ಚಿ ಕೂತರೆ ಥೈರಾಯ್ಡು, ರಕ್ತಹೀನತೆ, ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಗಳು ಪತ್ತೆಯಾಗದೆ ಉಳಿಯುತ್ತವೆ ಎಂಬುದು ನನ್ನ ಆತಂಕ.

ಈಗ ಸಾಬೀತಾಗಿರುವ ಭಾಗಕ್ಕೆ ಬರೋಣ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವು. ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು: ತೇವವಿರುವ, ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸದ ಸದ್ದು, ಮೂಗು ಗಂಟಲ ತೊಂದರೆ ಹೆಚ್ಚು; ಅಸ್ತಮಾ ಇರುವವರಿಗೆ ಅದು ಉಲ್ಬಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇನ್ನೊಂದು ಮುಖ್ಯ ಮಾತಿದೆ. ಗಾಳಿಯಲ್ಲಿ ಇಷ್ಟು ಬೀಜಕ ಇದ್ದರೆ ಸುರಕ್ಷಿತ, ಅದಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಯಾವ ಸಂಖ್ಯೆಯನ್ನೂ ಕೊಡಲು ಬರುವುದಿಲ್ಲ; ತೇವ ಮತ್ತು ಬೂಷ್ಟು ಕಂಡರೆ ತೆಗೆಯಬೇಕು, ಅಷ್ಟೇ. ಗಾಳಿ ಪರೀಕ್ಷೆಗೆ ಸಾವಿರಾರು ರೂಪಾಯಿ ಕೊಡುವ ಮುನ್ನ ಇದನ್ನು ಓದಬೇಕು.

ವಿಷವಿಲ್ಲದೆ ಬೂಷ್ಟು ಎದೆಯನ್ನು ಹೇಗೆ ಕೆಡಿಸುತ್ತದೆ? ಬೀಜಕಗಳ ಮೈಮೇಲಿನ ಪ್ರೋಟೀನುಗಳಿಗೆ ಕೆಲವರ ದೇಹ ಅಲರ್ಜಿಯಿಂದ ಪ್ರತಿಕ್ರಿಯಿಸುತ್ತದೆ. ಅಲರ್ಜಿ ಇಲ್ಲದವರ ಶ್ವಾಸನಾಳವನ್ನೂ ಶಿಲೀಂಧ್ರದ ಕೋಶಗೋಡೆಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ಅಂಶ ಕೆರಳಿಸಬಲ್ಲದು. ಒದ್ದೆ ಗೋಡೆಯಲ್ಲಿ ಬೂಷ್ಟು ಒಂದೇ ಇರುವುದಿಲ್ಲ. ಬ್ಯಾಕ್ಟೀರಿಯಾ, ಧೂಳಿನ ಹುಳು, ಜಿರಳೆ ಎಲ್ಲವೂ ಅಲ್ಲೇ ಸಂಸಾರ ಹೂಡಿರುತ್ತವೆ, ಮತ್ತು ಎಲ್ಲವೂ ಅಸ್ತಮಾದ ಶತ್ರುಗಳು. ಸತ್ತ ಬೀಜಕವೂ ಅಲರ್ಜಿ ತರಬಲ್ಲದು. ಹಾಗಾಗಿ ‘ಕೊಲ್ಲುವ’ ಔಷಧಿ ಸಿಂಪಡಿಸಿ ಸುಮ್ಮನಾದರೆ ಕೆಲಸ ಮುಗಿಯುವುದಿಲ್ಲ.

ಬೆಂಗಳೂರಿಗೆ ಇದು ಸಣ್ಣ ವಿಷಯವಲ್ಲ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಇದೇ ಊರಿನ ಆಸ್ಪತ್ರೆಗೆ ಬಂದ ಮಕ್ಕಳನ್ನು ದಶಕಗಳ ಕಾಲ ಗಮನಿಸಿ ಪ್ರಕಟಿಸಿದ ಅಂಕಿಗಳಲ್ಲಿ ಅಸ್ತಮಾ ಇರುವ ಮಕ್ಕಳ ಪಾಲು 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಇಡೀ ಊರಿನ ಲೆಕ್ಕವಾಗುವುದಿಲ್ಲ, ಏರಿಕೆಗೆ ವಾಹನಗಳ ಹೊಗೆಯೂ ನಗರದ ಬೆಳವಣಿಗೆಯೂ ದೊಡ್ಡ ಕಾರಣ. ಬೂಷ್ಟೇ ಇದನ್ನೆಲ್ಲ ಮಾಡಿತು ಎಂದು ನಾನು ಹೇಳುತ್ತಿಲ್ಲ. ಆದರೆ ಹೊಗೆಯಿಂದ ಈಗಾಗಲೇ ಕೆರಳಿರುವ ಎದೆ ರಾತ್ರಿ ಎಂಟು ತಾಸು ತೇವದ ಕೋಣೆಯಲ್ಲಿ ಮಲಗಿದರೆ ಏನಾಗುತ್ತದೆ ಎಂಬುದನ್ನು ಈ ಊರಿನ ಯಾವ ಮಕ್ಕಳ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಮಳೆಗಾಲದಲ್ಲಿ ನೆಬ್ಯುಲೈಸರ್‌ಗೆ ಕಾಯುವ ಸಾಲು ಅವರ ಕಣ್ಣ ಮುಂದೆಯೇ ಇರುತ್ತದೆ.

ಅಸ್ತಮಾಕ್ಕಿಂತ ಕಡಿಮೆ ಮಂದಿಗೆ ಬರುವ, ಆದರೆ ಹೆಚ್ಚು ಅಪಾಯದ ಕಾಯಿಲೆಯೊಂದಿದೆ: ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಬೂಷ್ಟಿನ ಬೀಜಕಗಳನ್ನೋ ಪಾರಿವಾಳದ ಹಿಕ್ಕೆಯ ಧೂಳನ್ನೋ ಪದೇ ಪದೇ ಉಸಿರಾಡಿದ ಕೆಲವರ ಶ್ವಾಸಕೋಶದ ಆಳದಲ್ಲಿ ಉರಿಯೂತ ಎದ್ದು, ವರ್ಷಗಳು ಕಳೆದಂತೆ ಅಲ್ಲಿನ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗಿಬಿಡುತ್ತದೆ. ಹಾಗೆ ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುವುದು, ಒಣಕೆಮ್ಮು, ತೂಕ ಇಳಿಯುವುದು ಅದರ ಲಕ್ಷಣಗಳು. 2017ರಲ್ಲಿ ಪ್ರಕಟವಾದ ಭಾರತದ ಶ್ವಾಸಕೋಶ ಕಾಯಿಲೆಗಳ ದಾಖಲಾತಿಯೊಂದರಲ್ಲಿ, ಶ್ವಾಸಕೋಶ ಗಟ್ಟಿಯಾಗುವ ಬಗೆಬಗೆಯ ಕಾಯಿಲೆಗಳಿದ್ದ 1,084 ರೋಗಿಗಳ ಪೈಕಿ ಹತ್ತಿರಹತ್ತಿರ ಅರ್ಧ ಮಂದಿಗೆ ಇದ್ದದ್ದು ಇದೇ. ಆ ಅರ್ಧದಲ್ಲಿ ಮತ್ತೆ ಸುಮಾರು ಅರ್ಧ ಮಂದಿ ಏರ್ ಕೂಲರ್ ಬಳಸುತ್ತಿದ್ದವರು. ಕೂಲರಿನ ಒದ್ದೆ ಹುಲ್ಲಿನ ಪ್ಯಾಡು ತಿಂಗಳುಗಟ್ಟಲೆ ಬದಲಾಗದೆ ಇದ್ದರೆ ಅಲ್ಲಿ ಬೂಷ್ಟು ಬೆಳೆಯುತ್ತದೆ, ಫ್ಯಾನು ಅದನ್ನು ನೇರ ಮುಖಕ್ಕೆ ಊದುತ್ತದೆ. ಬೆಂಗಳೂರಿನಲ್ಲಿ ಹಿಂದೆ ಕೂಲರ್ ಇಡುವವರು ಕಡಿಮೆ. ಈಚಿನ ಬೇಸಿಗೆಗಳಲ್ಲಿ ಮಹಡಿ ಮೇಲಿನ ಒಂಟಿ ಕೋಣೆಗಳಲ್ಲೂ ಪಿಜಿಗಳಲ್ಲೂ ಅವು ಬಂದಿವೆ.

ಆಸ್ಪರ್ಜಿಲ್ಲಸ್ ಬೀಜಕ ಎರಡು ಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು) ಗಾತ್ರದ್ದು. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯಬಲ್ಲದು. ಹಳೆಯ ಅಸ್ತಮಾ ಇರುವ ಕೆಲವರಲ್ಲಿ ಅದು ಶ್ವಾಸನಾಳದಲ್ಲೇ ನೆಲೆಯೂರಿ ಎಬಿಪಿಎ ಎಂಬ ಅಲರ್ಜಿ ಕಾಯಿಲೆ ತರುತ್ತದೆ. ಎಕ್ಸ್‌ರೇಯಲ್ಲಿ ಅದರ ನೆರಳು ಕ್ಷಯದಂತೆಯೇ ಕಾಣುವುದರಿಂದ ನಮ್ಮ ದೇಶದಲ್ಲಿ ಎಷ್ಟೋ ಮಂದಿ ಇಲ್ಲದ ಟಿಬಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಾರೆ. ಕಫದಲ್ಲಿ ಟಿಬಿ ಸಿಗದೆ, ಮಾತ್ರೆಗೂ ಜಗ್ಗದೆ ಇರುವ ಅಸ್ತಮಾ ರೋಗಿಗೆ ಆಸ್ಪರ್ಜಿಲ್ಲಸ್ ಅಲರ್ಜಿಯ ರಕ್ತಪರೀಕ್ಷೆ ಮಾಡಿಸಲೇಬೇಕು.

2021ರ ಕೋವಿಡ್ ಎರಡನೇ ಅಲೆಯಲ್ಲಿ ಬೌರಿಂಗ್ ಆಸ್ಪತ್ರೆಯ ವಾರ್ಡುಗಳು ‘ಬ್ಲ್ಯಾಕ್ ಫಂಗಸ್’ ರೋಗಿಗಳಿಂದ ತುಂಬಿದ್ದನ್ನು, ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಮನೆಯವರು ಅಲೆದದ್ದನ್ನು ಈ ಊರು ಮರೆತಿಲ್ಲ. ಗೋಡೆಯ ಕಪ್ಪು ಕಲೆ ಕಂಡಾಗ ಆ ನೆನಪು ಎದ್ದು ಬರುವುದು ಸಹಜ. ಆದರೆ ಅದು ಮ್ಯೂಕರ್ ಎಂಬ ಬೇರೆಯೇ ಗುಂಪಿನ ಶಿಲೀಂಧ್ರದ ಸೋಂಕು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅತಿಯಾದ ಸ್ಟೀರಾಯ್ಡು ಸೇರಿ ದೇಹದ ರಕ್ಷಣೆ ಕುಸಿದಾಗ ಅದು ಬೇರೂರಿತು. ಕಪ್ಪಾಗುತ್ತಿದ್ದದ್ದು ರಕ್ತ ಹರಿಯದೆ ಸತ್ತ ಅಂಗಾಂಶ, ಶಿಲೀಂಧ್ರವಲ್ಲ. ಕ್ಯಾನ್ಸರಿಗೆ ಕೀಮೊ ತೆಗೆದುಕೊಳ್ಳುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಬೂಷ್ಟಿನ ಮನೆಯಿಂದ ದೂರ ಇರಲೇಬೇಕು. ಆರೋಗ್ಯವಂತರಿಗೆ ಗೋಡೆಯಿಂದ ಆ ರೋಗ ಬರುವುದಿಲ್ಲ.

ಇನ್ನು ಮನೆಗಳು ತೇವ ಹಿಡಿಯುವುದು ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ರೋಗದ ಬೇರು ಇರುವುದು ಅಲ್ಲಿ. ಜುಲೈಯಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಗಾಳಿಯ ಆರ್ದ್ರತೆ ಶೇ 80 ದಾಟುವುದು ಸಾಮಾನ್ಯ. ಒಣಗಲು ಬಿಸಿಲಿಲ್ಲ, ಗಾಳಿಯಾಡಲು ಸಂದಿಲ್ಲ. 20x30, 30x40 ಸೈಟುಗಳಲ್ಲಿ ಅಕ್ಕಪಕ್ಕ ಬಿಡಬೇಕಾದ ಜಾಗ ಬಿಡದೆ ಮೂರು ನಾಲ್ಕು ಮಹಡಿ ಎಬ್ಬಿಸಿದ ಬಡಾವಣೆಗಳಲ್ಲಿ ಒಂದು ಮನೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೆ ತಾಗುತ್ತದೆ. ಆ ಎರಡು ಗೋಡೆಗಳ ನಡುವೆ ಬಿದ್ದ ಮಳೆನೀರಿಗೆ ಹೋಗಲು ದಾರಿಯೂ ಇಲ್ಲ, ಹೊರಗಿನಿಂದ ಗಾರೆ ಬಳಿಯಲು ಮೇಸ್ತ್ರಿಗೆ ಜಾಗವೂ ಇಲ್ಲ. ನಾಲ್ಕಿಂಚಿನ ಬ್ಲಾಕ್ ಗೋಡೆ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಬಾಡಿಗೆ ಮನೆ ನೋಡಲು ಹೋದಾಗ ಮಲಗುವ ಕೋಣೆ ಮತ್ತು ಬಾತ್‌ರೂಮಿನ ನಡುವಿನ ಗೋಡೆಯನ್ನು ಹತ್ತಿರದಿಂದ ನೋಡಿ. ನಮ್ಮ ಕಟ್ಟಡಗಳಲ್ಲಿ ಪೈಪು ಹಾಯಿಸಲು ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ, ಆ ಗುಂಡಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಸಂಕನ್ ಸ್ಲ್ಯಾಬ್ ಎನ್ನುವುದು ಇದನ್ನೇ. ಟೈಲ್ಸ್ ನಡುವಿನ ಗ್ರೌಟ್ ಸವೆದರೆ ದಿನಾ ಸ್ನಾನದ ನೀರು ಆ ಗುಂಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಕೋಣೆಯ ಕಡೆಯ ಗೋಡೆಯಲ್ಲಿ ಸ್ಕರ್ಟಿಂಗ್ ಮೇಲಿನ ಒಂದೆರಡು ಅಡಿ ಪೇಂಟು ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಒತ್ತಿದರೆ ಪುಡಿ ಉದುರುತ್ತದೆ. ಬಿಳಿ ಪುಡಿಯಾದರೆ ಅದು ಗೋಡೆಯೊಳಗಿನ ಉಪ್ಪು. ನೀರು ಚಿಮುಕಿಸಿದರೆ ಕರಗಿಹೋಗುತ್ತದೆ, ಬೂಷ್ಟು ಕರಗುವುದಿಲ್ಲ. ಉಪ್ಪು ಮೈಗೆ ಹಾನಿಯಲ್ಲ, ಆದರೆ ನೀರು ಬರುತ್ತಿದೆ ಎಂಬುದಕ್ಕೆ ಅದೇ ಪುರಾವೆ. ಸಾಮಾನ್ಯವಾಗಿ ಆ ಗೋಡೆಗೇ ಒತ್ತಿಕೊಂಡು ವಾರ್ಡ್‌ರೋಬ್ ಇರುತ್ತದೆ. ಅದರ ಕೆಳಗಿನ ಡ್ರಾಯರ್ ಪೂರ್ತಿ ಹೊರಗೆಳೆದು ಹಿಂದಿನ ಪ್ಲೈವುಡ್ ಮುಟ್ಟಿ ನೋಡಿ. ಮೆತ್ತಗಿದ್ದರೆ, ಮೂಲೆಯಲ್ಲಿ ಹಸಿರು ಕಪ್ಪು ಚುಕ್ಕೆಗಳಿದ್ದರೆ, ಆ ಮನೆ ಬೇಡ.

ಹೊಸ ಫ್ಲ್ಯಾಟುಗಳಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗು, ವಾಲ್‌ಪೇಪರು, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೀರುಗಳು ಸಾಮಾನ್ಯವಾಗಿವೆ. ಬೂಷ್ಟಿಗೆ ಇವೆಲ್ಲ ಹಬ್ಬದೂಟ. ಸ್ಟಾಕಿಬಾಟ್ರಿಸ್‌ಗೆ ಬೇಕಾದದ್ದು ಸತತವಾಗಿ ನೆನೆದ ಕಾಗದ ಮತ್ತು ನಾರು. ಇಟ್ಟಿಗೆ ಗಾರೆಯ ಹಳೆಯ ಮನೆಗಳಲ್ಲಿ ಅದಕ್ಕೆ ಅಷ್ಟು ಮೇವು ಇರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೇರೆ ಕಾರಣ. ರಾತ್ರಿ ಹೊರಗೆ 15 ಡಿಗ್ರಿ ಆಸುಪಾಸು, ಒಳಗೆ ಗೀಸರಿನ ಹಬೆ, ಅಡುಗೆಯ ಹಬೆ, ಕೋಣೆಯಲ್ಲೇ ಒಣಹಾಕಿದ ಬಟ್ಟೆ. ಚಳಿಗೆ ಕಿಟಕಿ ಮುಚ್ಚಿದ ಮೇಲೆ ಆ ಹಬೆಯೆಲ್ಲ ತಣ್ಣಗಿನ ಹೊರಗೋಡೆಯ ಮೂಲೆಗೆ ಹೋಗಿ ನೀರಾಗುತ್ತದೆ.

ನೆರೆಯಂತೂ ಇನ್ನೊಂದು ಕಥೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ದೋಣಿ, ಟ್ರ್ಯಾಕ್ಟರುಗಳ ಚಿತ್ರ ಟಿವಿಯಲ್ಲಿ ಬಂದು ಹೋಗುತ್ತದೆ. ನೀರು ಇಳಿದ ಮೇಲೆ ಕ್ಯಾಮೆರಾ ಹೋಗುತ್ತದೆ, ಬೂಷ್ಟು ಬರುವುದು ಅದರ ನಂತರ. ನೆನೆದ ಹಾಸಿಗೆ, ಸೋಫಾ, ಪ್ಲೈವುಡ್ ಒಂದೆರಡು ದಿನದಲ್ಲಿ ಒಣಗದಿದ್ದರೆ ಶಿಲೀಂಧ್ರ ಹಿಡಿಯುತ್ತದೆ. ಪರಿಹಾರದ ಲೆಕ್ಕದಲ್ಲಿ ಅಕ್ಕಿ ಬೇಳೆ ಇರುತ್ತವೆ. ಎರಡು ವಾರದ ನಂತರ ಯಾರ ಮನೆಯ ಗೋಡೆ ಒಣಗಿದೆ ಎಂದು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನೆರೆಯ ನಂತರದ ಮನೆಭೇಟಿಯನ್ನು ಆರೋಗ್ಯ ಸಿಬ್ಬಂದಿಯ ಕೆಲಸಕ್ಕೆ ಸೇರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದು.

ಪೇಂಟಿನ ಮಾತಿಗೆ ಬರೋಣ. ಈ ಊರಿನಲ್ಲಿ ಬಾಡಿಗೆದಾರರು ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ರೂಢಿ. ಆ ದುಡ್ಡಿನಲ್ಲಿ ಕಲೆ ಕಾಣದಂತೆ ಪುಟ್ಟಿ ಹಚ್ಚಿ, ಪೇಂಟ್ ಹೊಡೆದು, ಮುಂದಿನವರಿಗೆ ಮನೆ ತೋರಿಸಲಾಗುತ್ತದೆ. ಮೊದಲ ಮಳೆಗೆ ಕಲೆ ಮರಳಿ ಬರುವಷ್ಟರಲ್ಲಿ ಅವರ ಹತ್ತು ತಿಂಗಳ ಅಡ್ವಾನ್ಸ್ ಮಾಲೀಕರ ಕೈಯಲ್ಲಿರುತ್ತದೆ. ‘ಕಿಟಕಿ ತೆಗೆದಿಡಲ್ವಲ್ಲ ನೀವು, ಅದಕ್ಕೇ ಹಿಂಗಾಗಿರೋದು’ ಎಂಬ ಉತ್ತರ ಕೇಳಿ ಸುಮ್ಮನಾದ ಮನೆಗಳೆಷ್ಟೋ. ಆದರೆ ಕಾನೂನು ಅಷ್ಟು ಮೂಕವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ತನಗೆ ಗೊತ್ತಿದ್ದು ಬಾಡಿಗೆದಾರರ ಕಣ್ಣಿಗೆ ಸುಲಭಕ್ಕೆ ಬೀಳದ ಮುಖ್ಯ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು. ಮಾಲೀಕ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಕರಾರಿನಲ್ಲಿ ಇದಕ್ಕೆ ವಿರುದ್ಧವಾಗಿ ಬರೆದಿದ್ದರೆ ಮಾತ್ರ ತೊಡಕು; ಹಾಗಾಗಿ ಸಹಿ ಹಾಕುವ ಮುಂಚೆ ರಿಪೇರಿಯ ಸಾಲು ಓದಿ, ನೀರು ಜಿನುಗುವುದು ಮಾಲೀಕರ ಹೊಣೆ ಎಂದು ಬರೆಸಿ. ಸ್ವಂತ ಫ್ಲ್ಯಾಟ್ ಕೊಂಡವರಿಗೆ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಕಲಂ ಇದೆ: ಮನೆ ಕೈಗೆ ಬಂದ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು.

ಬ್ರಿಟನ್ ಇನ್ನೂ ಮುಂದೆ ಹೋಗಿದೆ. ಅಲ್ಲಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಬೂಷ್ಟು ಹಿಡಿದ ಬಾಡಿಗೆ ಫ್ಲ್ಯಾಟಿನಲ್ಲಿ ದೀರ್ಘಕಾಲ ಉಸಿರಾಡಿದ್ದೇ ಸಾವಿಗೆ ಕಾರಣ ಎಂದು 2022ರಲ್ಲಿ ತನಿಖೆ ಹೇಳಿತು. ತಂದೆತಾಯಿ ವರ್ಷಗಳ ಕಾಲ ದೂರು ಕೊಟ್ಟಿದ್ದರು, ಪೇಂಟ್ ಮಾಡಿಕೊಳ್ಳಿ ಎಂದು ಅವರಿಗೆ ಹೇಳಲಾಗಿತ್ತು. ಆ ಮಗುವಿನ ಹೆಸರಿನಲ್ಲೇ ಬಂದ ‘ಅವಾಬ್ ಕಾಯ್ದೆ’ 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಮನೆಗಳಿಗೆ (ಸ್ಥಳೀಯ ಆಡಳಿತ, ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳು) ಜಾರಿಯಾಗಿದೆ. ಗಂಭೀರ ತೇವದ ದೂರು ಬಂದರೆ ಹತ್ತು ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು, ತುರ್ತಾದರೆ 24 ಗಂಟೆಯೊಳಗೆ. ಅಲ್ಲಿ ಯಾರೂ ಶಿಲೀಂಧ್ರದ ಜಾತಿ ಯಾವುದು, ವಿಷ ಎಷ್ಟಿದೆ ಎಂಬ ವರದಿ ತನ್ನಿ ಎಂದು ಬಾಡಿಗೆದಾರರನ್ನು ಕೇಳುವುದಿಲ್ಲ.

ವರದಿಗಳ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಮೂತ್ರದಲ್ಲಿ ಮೈಕೋಟಾಕ್ಸಿನ್ ಪತ್ತೆ ಮಾಡುತ್ತೇವೆ ಎಂಬ ಪರೀಕ್ಷೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ರೋಗ ಪತ್ತೆಗೆ ಇವು ಒರೆಗೆ ಹಚ್ಚಿದವಲ್ಲ ಎಂದು ಸಿಡಿಸಿ 2015ರಲ್ಲೇ ಎಚ್ಚರಿಸಿದೆ. ನಾವು ತಿನ್ನುವ ಧಾನ್ಯ, ಕಡಲೆಕಾಯಿ, ಮೆಣಸಿನಪುಡಿಯಲ್ಲೇ ಸ್ವಲ್ಪ ಮೈಕೋಟಾಕ್ಸಿನ್ ಇರುವುದರಿಂದ ಆರೋಗ್ಯವಂತರ ಮೂತ್ರದಲ್ಲೂ ಅದು ಸಿಗುತ್ತದೆ. ವರದಿ ‘ಪಾಸಿಟಿವ್’ ಎಂದಾಕ್ಷಣ ಗೋಡೆಯನ್ನು ದೂರುವಂತಿಲ್ಲ. ಅದೇ ದುಡ್ಡನ್ನು ಪ್ಲಂಬರಿಗೆ ಕೊಡಿ. ನೀರಿನ ಮೂಲ ಮುಚ್ಚಿದ ಮೇಲೆ, ಗಟ್ಟಿ ಮೇಲ್ಮೈಯ ಕಲೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿದರೆ ಸಾಕು. ನೆನೆದ ಜಿಪ್ಸಮ್ ಬೋರ್ಡು, ಹಾಸಿಗೆ, ಉಬ್ಬಿದ ಎಂಡಿಎಫ್ ಹೊರಗೆ ಹೋಗಬೇಕು. ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಗುಡಿಸಬೇಡಿ. ಒರೆಸುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ ಇರುವವರನ್ನು ಆ ಕೆಲಸಕ್ಕೆ ಹಚ್ಚಬೇಡಿ. ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಹೆಚ್ಚು ಹರಡಿದ್ದರೆ ಗೊತ್ತಿರುವವರಿಂದಲೇ ಮಾಡಿಸಿ. ಮನೆಯ ಕೆಲಸದವರ ಕೈಗೆ ಬ್ಲೀಚು ಮತ್ತು ಬಟ್ಟೆ ಕೊಟ್ಟು ನಾವು ಪಕ್ಕದ ಕೋಣೆಗೆ ಹೋಗುವುದು ನ್ಯಾಯವಲ್ಲ. ಅವರ ಎದೆಯೂ ಎದೆಯೇ.

ಈಗ, ವಿಷವನ್ನು ನಿಜಕ್ಕೂ ಉಸಿರಾಡುವವರ ಬಳಿಗೆ. ಅಫ್ಲಾಟಾಕ್ಸಿನ್ ಜಗತ್ತಿಗೆ ಪರಿಚಯವಾದದ್ದು 1960ರಲ್ಲಿ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ತೀರಿಕೊಂಡರು. ಇವು ತಿಂದ ವಿಷದ ಕಥೆಗಳು. ಉಸಿರಾಡಿದ್ದರ ಲೆಕ್ಕ ಸಿಕ್ಕಿದ್ದು ಕಾರ್ಖಾನೆಗಳಲ್ಲಿ. ನೆದರ್‌ಲ್ಯಾಂಡ್ಸ್‌ನ ಕಡಲೆಕಾಯಿ ಎಣ್ಣೆ ಗಿರಣಿಯೊಂದರ ಧೂಳಿನಲ್ಲಿ ಅಫ್ಲಾಟಾಕ್ಸಿನ್ ಇತ್ತು, ಅಲ್ಲಿ ದುಡಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚು ಕಂಡವು. ಡೆನ್ಮಾರ್ಕಿನಲ್ಲಿ ಪಶು ಆಹಾರ ತಯಾರಿಸುವ ಕೆಲಸಗಾರರಲ್ಲಿ ಲಿವರ್ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಿತ್ತು ಎಂದು 1988ರ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಫ್ಲಾಟಾಕ್ಸಿನ್ನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿದೆ.

ಬೆಂಗಳೂರಿನಲ್ಲಿ ಇಂಥ ಧೂಳಿಗೆ ಹುಡುಕಬೇಕಿಲ್ಲ. ಯಶವಂತಪುರದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ) ಯಾರ್ಡಿನಲ್ಲಿ ಮಳೆಗಾಲದಲ್ಲಿ ಬಂದ ಲಾರಿಯೊಂದರಿಂದ ಮೂಟೆ ಇಳಿಸುವುದನ್ನು ನಿಂತು ನೋಡಿದರೆ ಸಾಕು. ಈರುಳ್ಳಿಯ ಸಿಪ್ಪೆಯ ಮೇಲೆ ಮಸಿಯಂಥ ಕಪ್ಪು ಪುಡಿ ಇರುತ್ತದಲ್ಲ, ಅದು ಆಸ್ಪರ್ಜಿಲ್ಲಸ್ ನೈಜರ್‌ನ ಬೀಜಕ. ನಮ್ಮ ಅಡುಗೆಮನೆಯಲ್ಲಿ ಒಂದು ಸಿಪ್ಪೆ ತೆಗೆದು ತೊಳೆದರೆ ಮುಗಿಯಿತು. ಮೂಟೆಯನ್ನು ಬೆನ್ನ ಮೇಲಿಂದ ಜಾರಿಸಿದಾಗ ಅದು ಮೋಡದಂತೆ ಎದ್ದು ಹಮಾಲಿಯ ಮುಖಕ್ಕೇ ಬರುತ್ತದೆ. ಕಡಲೆಕಾಯಿ, ಮುಸುಕಿನ ಜೋಳ, ಒಣಮೆಣಸಿನಕಾಯಿ ಗೋಡೌನುಗಳಲ್ಲೂ ಇದೇ. ಮುಖಕ್ಕೆ ಸುತ್ತಿದ ಟವೆಲು ಬೆವರು ತಡೆಯುತ್ತದೆ, ಮೂರು ಮೈಕ್ರಾನಿನ ಬೀಜಕ ತಡೆಯುವುದಿಲ್ಲ. ಹಳೆಯ ದಾಸ್ತಾನು ಗುಡಿಸಿದ ದಿನ ಸಂಜೆ ಚಳಿಜ್ವರ, ಮೈಕೈನೋವು ಬಂದು ಮರುದಿನ ಇಳಿಯುವುದು ಧಾನ್ಯದ ಧೂಳಿನಿಂದ ಬರುವ ಹೆಸರುವಾಸಿ ತೊಂದರೆ. ಅದನ್ನು ವೈರಲ್ ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರೆ, ಹತ್ತು ವರ್ಷದ ನಂತರ ಅದೇ ಮನುಷ್ಯ ದಮ್ಮು ಕಟ್ಟಿಕೊಂಡು ಬರಬಹುದು.

ಇಲ್ಲಿ ಮಾಡಬೇಕಾದದ್ದು ದುಬಾರಿಯೇನಲ್ಲ. ಮುಸುಕಿನ ಜೋಳದ ತೇವಾಂಶ ಶೇ 14ಕ್ಕಿಂತ ಕೆಳಗೆ, ಕಡಲೆಬೀಜದ್ದು ಶೇ 7–8ರ ಆಸುಪಾಸು ಇದ್ದರೆ ಬೂಷ್ಟು ಹಿಡಿಯುವುದು ಬಹಳ ಕಡಿಮೆ. ತೇವಾಂಶ ಅಳೆಯುವ ಮೀಟರು ಬೆಲೆ ಕಟ್ಟಲು ಯಾರ್ಡಿನಲ್ಲಿ ಈಗಾಗಲೇ ಬಳಕೆಯಲ್ಲಿದೆ. ಅದೇ ಮೀಟರು ತೋರಿಸಿದ ಒದ್ದೆ ಮಾಲನ್ನು ಇಳಿಸುವವರಿಗೆ ಎನ್95 ಮಾಸ್ಕ್ ಕೊಡುವುದನ್ನು ಮಂಡಿ ಮಾಲೀಕರಿಗೂ ಎಪಿಎಂಸಿ ಸಮಿತಿಗೂ ಕಡ್ಡಾಯ ಮಾಡಬಹುದು. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಫ್ಲಾಟಾಕ್ಸಿನ್ ಸೇರಿದರೆ ಲಿವರ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ದೊಡ್ಡವರಿಗೂ ಲಸಿಕೆ ಇದೆ, ಮೂರು ಡೋಸು, ಆರು ತಿಂಗಳಲ್ಲಿ ಮುಗಿಯುತ್ತದೆ. ಹಮಾಲಿಗಳನ್ನು ಅಸಂಘಟಿತ ಕಾರ್ಮಿಕರೆಂದು ನೋಂದಾಯಿಸುವ ವ್ಯವಸ್ಥೆ ಕಾರ್ಮಿಕ ಇಲಾಖೆಯಲ್ಲಿ ಇದೆ, ಆ ಪಟ್ಟಿ ಹಿಡಿದು ಲಸಿಕೆ ಹಾಕಬಹುದು. ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆ ವರ್ಷಕ್ಕೊಮ್ಮೆ ಯಾರ್ಡಿನಲ್ಲೇ ಕೂತು ಉಸಿರಿನ ಸಾಮರ್ಥ್ಯ ಅಳೆದರೆ, ಕೂಲಿ ಬಿಟ್ಟು ಹೊಸೂರು ರಸ್ತೆವರೆಗೆ ಹೋಗಲಾಗದವರ ಎದೆಯ ಸ್ಥಿತಿ ತಿಳಿಯುತ್ತದೆ. ಹಾಗೆ ಕೂತ ಡಾಕ್ಟರು ಪ್ರತಿ ಕೆಮ್ಮಿಗೂ ಎರಡು ಪ್ರಶ್ನೆ ಸೇರಿಸಿಕೊಳ್ಳಲಿ: ಇವತ್ತು ಯಾವ ಮಾಲು ಇಳಿಸಿದಿರಿ, ರಾತ್ರಿ ಮಲಗುವ ಕೋಣೆಯ ಗೋಡೆ ಒದ್ದೆ ಇದೆಯಾ.